ಗುಂಡಮ್ಮ ತುಳಿದ ಸೀಟು

ಒಂದು ಕಡೆಯ ಜಡೆ ಮುಗಿದಿತ್ತು. ಇನ್ನೊಂದು ಕಡೆಯ ಕೂದಲನ್ನು ಮೂರು ಎಳೆ ಮಾಡಿ ಬೆರಳುಗಳಿಗೆ ಸಿಕ್ಕಿಸಿಕೊಂಡಿದ್ದೆ. ಮಗಳು ಎಂದಿನಂತೆ ನನ್ನ ಬಲತೊಡೆಯ ಮೇಲೆ ಕೂತು, ಬ್ರೆಡ್ಡಿನ ಅಂಚನ್ನು ಮೊದಲು ತಿಂದು ಮುಗಿಸಿ ನಡುವಿನ ಮೆತ್ತನೆಯದನ್ನು ಕೊನೆಗೆ ಉಳಿಸಿಕೊಳ್ಳುವ ಕೆಲಸದಲ್ಲಿದ್ದಳು. ಆಗ ನನ್ನ ಎಡಗಡೆಯ ಅಂಡಿನ ಆಳದಲ್ಲಿ ಯಾರೋ ಕಾದ ತಂತಿ ಎಳೆದ ಹಾಗಾಯಿತು. ತಂತಿ ತೊಡೆಯ ಹಿಂಭಾಗದಲ್ಲಿ ಇಳಿದು, ಮೀನಖಂಡವನ್ನು ದಾಟಿ, ಪಾದದ ಅಂಚಿಗೆ ಹೋಗಿ ನಿಂತಿತು.

“ಅಮ್ಮಾ, ಕೂದಲು! ಕೂದಲು ಬಿಡು!”

ಬಿಟ್ಟೆ. ಅವಳನ್ನು ಕೆಳಗಿಳಿಸಿ ಗೋಡೆ ಹಿಡಿದುಕೊಂಡು ನಿಂತೆ. ನೋವಿನ ಬೆನ್ನಿಗೇ ವಾಕರಿಕೆ ಬಂತು. ಬಾಯಿತುಂಬ ಹುಳಿನೀರು. ಕಾಲಿನ ಕಿರುಬೆರಳು ನನ್ನದಲ್ಲವೆಂಬಂತೆ ಜೋಮು ಹಿಡಿದಿತ್ತು. ಹೊರಗೆ ಶಾಲೆಯ ವ್ಯಾನು ಹಾರನ್ ಹೊಡೆಯಿತು. ಮಗಳು ಬಿಚ್ಚಿದ ಕೂದಲನ್ನು ಕಿವಿಯ ಹಿಂದೆ ತಳ್ಳಿ, ಚೀಲ ಏರಿಸಿಕೊಂಡು, ಒಂದೇ ಜಡೆಯಲ್ಲಿ ಓಡಿದಳು.

ಸಂಜೆ ಬಂದು ಹೇಳಿದಳು: “ಎಲ್ಲರೂ ಕೇಳಿದ್ರು. ಇದು ಹೊಸ ಸ್ಟೈಲು ಅಂದೆ. ನಾಳೆ ನನ್ನ ಪಕ್ಕದವಳೂ ಹಿಂಗೇ ಬರ್ತಾಳಂತೆ.”

ಅವಳು ಅಂಥವಳು. ಹುಟ್ಟಿದಾಗಿನಿಂದ ದುಂಡಗಿದ್ದಾಳೆ, ಕೆನ್ನೆ, ಮೊಣಕೈ, ಕಾಲ್ಬೆರಳು ಎಲ್ಲ ದುಂಡು. ಹಾಗಾಗಿ ಮನೆಯವರಿಗೆಲ್ಲ ಗುಂಡಮ್ಮ. ಆ ಹೆಸರಿಗೆ ಅವಳು ಎರಡು ಕೋಣೆ ಆಚೆಯಿಂದಲೂ “ಓ” ಎನ್ನುತ್ತಿದ್ದಳು.

ನಮ್ಮದು ಸೀಟು ಹೊಲಿಯುವ ಕೆಲಸ. ಬಸ್ಸಿನದು, ಕಾರಿನದು, ಸ್ಕೂಟರಿನದು, ಹಲ್ಲಿನ ಡಾಕ್ಟರ ಕುರ್ಚಿಯದು. ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ನಡುವೆ ತೂಗುಬಿಟ್ಟ ರೆಕ್ಸಿನ್ ಹಾಳೆಗಳೇ ಪರದೆ. ಇವರು ಫೋಮು ಕತ್ತರಿಸಿ ತುಂಬುತ್ತಾರೆ, ನಾನು ಕವರು ಹೊಲಿಯುತ್ತೇನೆ. ಹೊಸ ಕೆಲಸಕ್ಕಿಂತ ಹಳೆಯದೇ ಹೆಚ್ಚು. ಹಳೆಯ ಬಸ್ ಸೀಟನ್ನು ಬಿಚ್ಚಿದರೆ ಅದರೊಳಗಿಂದ ಬರುವ ವಾಸನೆಯನ್ನು ಹೇಗೆ ಹೇಳಲಿ? ಎಷ್ಟೋ ವರ್ಷದ ಬೆವರು, ಚೆಲ್ಲಿದ ಹಾಲು, ಮಕ್ಕಳ ವಾಂತಿ. ಹೊಲಿಗೆಯ ಸಂದಿನಲ್ಲಿ ಕತ್ತರಿಸಿದ ಉಗುರು, ಕೂದಲುಂಡೆ, ಅಗಿದು ಅಂಟಿಸಿದ ಮಿಠಾಯಿ. ಮನುಷ್ಯ ಕೂತ ಜಾಗದಲ್ಲಿ ಏನೇನು ಬಿಟ್ಟು ಹೋಗುತ್ತಾನೆಂದು ನನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರಲಾರದು. ಮದುವೆಯಾದ ಹೊಸದರಲ್ಲಿ ಊಟ ಸೇರುತ್ತಿರಲಿಲ್ಲ. ಆಮೇಲೆ ಮೂಗು ಸತ್ತಿತು. ಈಗ ನನ್ನ ಅಂಡಿಗೇ ಕಾಯಿಲೆ ಬಂದಾಗ, ಸತ್ತ ಮೂಗು ಮತ್ತೆ ಎದ್ದು ಕೂತಿತು.

ಸೀಟು ತುಂಬಿ ಮುಗಿದ ಮೇಲೆ ಒಂದು ಕೆಲಸವಿದೆ. ಒಳಗಿನ ಹತ್ತಿ, ಫೋಮಿನ ಚೂರು ಎಲ್ಲ ಸಮನಾಗಿ ಕೂರಬೇಕಾದರೆ ಮೇಲೆ ನಿಂತು ತುಳಿಯಬೇಕು. ಗಂಟಿದ್ದರೆ ಹಿಮ್ಮಡಿಯಲ್ಲಿ ಒತ್ತಿ ಕರಗಿಸಬೇಕು. ದೊಡ್ಡವರು ತುಳಿದರೆ ಸ್ಪ್ರಿಂಗು ಕುಸಿದುಹೋಗುತ್ತದೆ, ಕೈಯಲ್ಲಿ ಒತ್ತಿದರೆ ಸಾಲದು. ಗುಂಡಮ್ಮನ ತೂಕ ಹೇಳಿ ಮಾಡಿಸಿದ ಹಾಗಿತ್ತು. ನಡೆಯಲು ಕಲಿತ ಮೇಲೆ ಅವಳ ಆಟ ಅದೇ, ಅವಳ ಹೆಮ್ಮೆಯೂ ಅದೇ. ಗಿರಾಕಿಗಳ ಮುಂದೆ ಇವರು ಹೇಳುತ್ತಿದ್ದರು: “ನಮ್ಮ ಗುಂಡಮ್ಮ ತುಳಿದ ಸೀಟು ನೀವು ಸಾಯೋ ತನಕ ಕುಸಿಯಲ್ಲ. ಗ್ಯಾರಂಟಿ.” ಅವಳು ಸೀಟಿನ ಮೇಲೆ ನಿಂತು, ಅಪ್ಪನ ಹೆಗಲು ಹಿಡಿದು, ಒಂದೊಂದೇ ಹೆಜ್ಜೆ ಗಂಭೀರವಾಗಿ ಊರುತ್ತಿದ್ದಳು.

ಆ ಬೆಳಗ್ಗೆ ಶುರುವಾದ ನೋವಿಗೆ ಕೆಲವು ತಿಂಗಳಾಯಿತು. ಕೂತರೆ ಜಾಸ್ತಿ, ನಡೆದರೆ ಸ್ವಲ್ಪ ಕಡಿಮೆ. ಹೊಲಿಗೆ ಯಂತ್ರದ ಮುಂದೆ ಒಂದು ಅಂಡಿನ ಮೇಲೆ ಭಾರ ಹಾಕಿ, ಇನ್ನೊಂದನ್ನು ಎತ್ತಿಕೊಂಡು, ಕೊಕ್ಕರೆಯ ಹಾಗೆ ಕೂರುತ್ತಿದ್ದೆ. ಎಲ್ಲಿ ನೋವು ಎಂದು ಕೇಳಿದವರಿಗೆಲ್ಲ “ಸೊಂಟ” ಎಂದೆ. ಕೇಳುವವರ ಕಣ್ಣು ಆಮೇಲೆ ಎಲ್ಲಿ ಹೋಗುತ್ತದೆಂದು ಗೊತ್ತಿರುವಾಗ ಬೇರೇನು ಹೇಳುವುದು? ಡಾಕ್ಟರಿಗೂ ಸೊಂಟ ಎಂದೆ. ಅವರು ಸೊಂಟದ ಫೋಟೋ ತೆಗೆಸಿದರು. ಬೆಳಕಿಗೆ ಹಿಡಿದು, “ಇಲ್ಲಿ ಒಂಚೂರು ಸವೆದಿದೆ. ನಿಮ್ಮ ವಯಸ್ಸಿಗೆ ಇದು ಇದ್ದಿದ್ದೇ,” ಎಂದು ಬೆಲ್ಟು ಬರೆದುಕೊಟ್ಟರು. ಆ ಬೆಲ್ಟು ಒಂದೇ ವಾರದಲ್ಲಿ ಹಳೆಯ ಬಸ್ ಸೀಟಿನ ಹಾಗೆ ನಾರತೊಡಗಿತು. ಬಿಚ್ಚಿ ಬಕೆಟ್ಟಿನಲ್ಲಿ ನೆನೆಹಾಕಿದರೆ ನೀರು ಬೂದಿಬಣ್ಣಕ್ಕೆ ತಿರುಗಿತು. ನನ್ನದೇ ಮೈಯ ಕೊಳೆ. ಮುಖ ತಿರುಗಿಸಿಕೊಂಡು ಚೆಲ್ಲಿದೆ.

ಇವರಿಗೆ ಅದು ಮೈಯ ಕಾಯಿಲೆ ಎಂದು ಅನ್ನಿಸಲೇ ಇಲ್ಲ. ಸೀಟಿನ ಕಾಯಿಲೆ ಎಂದು ತೀರ್ಮಾನಿಸಿದರು.

“ನೀನು ಕೂರೋ ಸ್ಟೂಲು ಸರಿಯಿಲ್ಲ ಕಣೇ. ಊರಿನವರಿಗೆಲ್ಲ ಸೀಟು ಮಾಡಿಕೊಡೋನು ಹೆಂಡತೀನ ಮರದ ತುಂಡಿನ ಮೇಲೆ ಕೂರಿಸಿದ್ದೀನಿ, ಥೂ!”

ಕಾರಿನ ಸೀಟಿಗೆ ಹಾಕುವ ಒಳ್ಳೆಯ ಫೋಮು ತೆಗೆದು ಮೆತ್ತೆ ಮಾಡಿದರು. ಕೂತರೆ ಬೆಣ್ಣೆಯಲ್ಲಿ ಕೂತ ಹಾಗೆ ಮುಳುಗುತ್ತಿದ್ದೆ, ಮೊಣಕಾಲು ಮೇಲೆ, ಸೊಂಟ ಕೆಳಗೆ. ನೋವು ಹೆಚ್ಚಾಯಿತು. ಇನ್ನೊಂದು ಪದರ ಸೇರಿಸಿದರು. ಇನ್ನೂ ಹೆಚ್ಚಾಯಿತು. ಸುತ್ತ ಅಂಚು ಎಬ್ಬಿಸಿ, ನಡುವೆ ಹಳ್ಳ ಮಾಡಿ, ಮೇಲೆ ಕೆಂಪು ರೆಕ್ಸಿನ್ ಹೊದಿಸಿ, ರೇಸಿನ ಕಾರಿನಲ್ಲಿರುವಂಥದ್ದೊಂದನ್ನು ತಂದಿಟ್ಟರು. ನಾನು “ಚೆನ್ನಾಗಿದೆ ರೀ” ಎಂದೆ. ಅವರ ಮುಖ ನೋಡಿ ಬೇರೆ ಮಾತು ಬರಲಿಲ್ಲ. ಆ ಎದ್ದ ಅಂಚು ಸರಿಯಾಗಿ ನೋವಿನ ಜಾಗಕ್ಕೇ ಒತ್ತುತ್ತಿತ್ತು. ರೆಕ್ಸಿನ್ ಬೆವರಿಗೆ ಅಂಟಿ, ಏಳುವಾಗ ಪರ್ ಎಂದು ಸದ್ದಾಗುತ್ತಿತ್ತು. ಬಂದ ಗಿರಾಕಿಗಳು ಗೋಡೆ ನೋಡುತ್ತಿದ್ದರು.

ಒಂದು ಭಾನುವಾರ ಅತ್ತಿಗೆ ಬಂದರು. ಇವರ ಅಕ್ಕ. ಬೀದಿಯ ಆ ತುದಿಯಲ್ಲೇ ಮನೆ, ಮನಸ್ಸು ಕೆಟ್ಟದ್ದಲ್ಲ, ಬಾಯಿಗೆ ಮಾತ್ರ ಬಾಗಿಲಿಲ್ಲ. ಕೈಯಲ್ಲಿ ಬಾಟಲಿ. ಬೆಳ್ಳುಳ್ಳಿ ಹಾಕಿ ಕಪ್ಪಗಾಗುವ ತನಕ ಕಾಯಿಸಿದ ಎಣ್ಣೆ. ಮುಚ್ಚಳ ತೆಗೆದ ಕೂಡಲೇ ಕೋಣೆಯ ಗಾಳಿ ಜಿಡ್ಡಾಯಿತು.

“ಮಲ್ಕೋ ಬೋರಲು. ನಾಚಿಕೆ ಏನು, ಇಲ್ಲಿ ಇರೋರೆಲ್ಲ ನಮ್ಮೋರೇ.”

ನಮ್ಮವರು ಎಂದರೆ ನಾನು, ಅವರು, ಬಾಗಿಲಲ್ಲಿ ನಿಂತ ಇವರು, ಸ್ನಾನ ಮಾಡಿ ಬಂದ ಮಗಳು. ಅತ್ತಿಗೆಯ ಬೆರಳುಗಳು ಹಿಟ್ಟು ನಾದುವ ಹಾಗೆ ನಾದಿದವು. ಎಣ್ಣೆ ತೊಡೆಯ ಸಂದಿಗೆ ಹರಿಯಿತು. ನನಗೆ ಎಲ್ಲದರ ಮೇಲೂ ಅಸಹ್ಯವಾಯಿತು. ಆ ಕೈಯ ಮೇಲೆ, ಆ ನಾತದ ಮೇಲೆ, ಹಾಗೆ ಹರಡಿಕೊಂಡು ಬಿದ್ದ ನನ್ನ ಮಾಂಸದ ಮೇಲೆ. ದಿಂಬಿನಲ್ಲಿ ಮುಖ ಹೂತುಕೊಂಡು ಮುಗಿದರೆ ಸಾಕು ಎಂದು ಕಾದೆ.

“ಗಂಟಿದೆ ಕಣೋ ತಮ್ಮ ಒಳಗೆ. ಬೆರಳಿಗೆ ಸಿಗ್ತಿದೆ,” ಎಂದರು ಅತ್ತಿಗೆ.

“ಗಂಟಾ?” ಇವರ ದನಿಯಲ್ಲಿ ಗೊತ್ತಿರುವ ಕೆಲಸ ಸಿಕ್ಕಿದವನ ಹುರುಪು. “ಗಂಟಿದ್ರೆ ಕೈಯಲ್ಲಿ ಆಗಲ್ಲ ಅಕ್ಕ. ಸೀಟಲ್ಲಿ ಗಂಟು ಕಟ್ಟಿದ್ರೆ ನಾವೇನು ಮಾಡ್ತೀವಿ? ತುಳೀತೀವಿ.”

ಇಬ್ಬರೂ ಒಟ್ಟಿಗೆ ಮಗಳ ಕಡೆ ನೋಡಿದರು. ನನ್ನ ಮುಖ ದಿಂಬಿನಲ್ಲಿದ್ದರೂ ಗೊತ್ತಾಯಿತು, ಏಕೆಂದರೆ ಅವಳು ಖುಷಿಯಿಂದ “ನಾನಾ?” ಎಂದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ಕಾಲು ತೊಳ್ಕೊಂಡು ಬರ್ಲಾ ಅಮ್ಮ?”

ತೊಳೆದುಕೊಂಡು ಬಂದಳು. ತಣ್ಣನೆಯ ಪುಟ್ಟ ಪಾದಗಳು. ಮೊದಲು ಬಲಗಡೆ ನಿಂತಳು, ಹಿತವಾಗೇ ಇತ್ತು. ಅಪ್ಪನ ಹೆಗಲು ಹಿಡಿದು, ಸೀಟಿನ ಮೇಲೆ ಮಾಡುವಷ್ಟೇ ಗಂಭೀರವಾಗಿ, ಒಂದು ಹೆಜ್ಜೆ ಎಡಕ್ಕೆ ಇಟ್ಟಳು.

“ಹಿಮ್ಮಡಿ ಊರು, ಹಿಮ್ಮಡಿ,” ಎಂದರು ಇವರು. “ಗಂಟು ಕರಗಬೇಕು.”

ಊರಿದಳು.

ನನ್ನ ಬಾಯಿಂದ ಬಂದ ಕೂಗು ಮನುಷ್ಯರದ್ದಾಗಿರಲಿಲ್ಲ. ಮೈ ತಾನಾಗಿ ಹೊರಳಿತು. ಅವಳು ಜಾರಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು, ಎತ್ತಲು ನನ್ನ ಕೈ ಏಳಲಿಲ್ಲ. ಕಾಲು ಸೊಂಟದಿಂದ ಬೆರಳಿನ ತನಕ ಉರಿಯುತ್ತಿತ್ತು. ದಿಂಬಿನ ಮೇಲೆ ನನ್ನ ಜೊಲ್ಲು.

ಆಮೇಲೆ ಅತ್ತಿಗೆ, ಗಾಬರಿ ಮುಚ್ಚಿಕೊಳ್ಳಲಿಕ್ಕೋ ಏನೋ, ಗಟ್ಟಿಯಾಗಿ ನಕ್ಕರು.

“ಅಯ್ಯಯ್ಯೋ! ಏನು ಭಾರ ನಮ್ಮ ಗುಂಡಮ್ಮ! ಅಮ್ಮನ ಸೊಂಟಾನೇ ಮುರಿದುಬಿಟ್ಲಲ್ಲಪ್ಪ!”

ಇವರೂ ನಕ್ಕರು. ನೆಲದ ಮೇಲಿದ್ದ ಮಗಳು ಎಲ್ಲರ ಮುಖ ನೋಡಿ ತಾನೂ ನಗಲು ಹೊರಟಳು. ತುಟಿ ಅರ್ಧ ಅಗಲವಾಗಿ ಅಲ್ಲೇ ನಿಂತಿತು.

ಅತ್ತಿಗೆಗೆ ಆ ಮಾತು ಬಹಳ ಹಿಡಿಸಿತು. ತರಕಾರಿ ಅಂಗಡಿಯಲ್ಲಿ ಹೇಳಿದರು, ದರ್ಜಿಯ ಹೆಂಡತಿಗೆ ಹೇಳಿದರು. ಸ್ಕೂಟರ್ ಸೀಟು ಕೊಡಲು ಬಂದ ಮೆಕ್ಯಾನಿಕ್ಕು ಮಗಳ ಕೆನ್ನೆ ಚಿವುಟಿ, “ಇವಳೇನಾ ಅಮ್ಮನ ಸೊಂಟ ಮುರಿದ ಪೈಲ್ವಾನು?” ಎಂದ. ಅವನ ಉಗುರಿನ ಸಂದಿಯ ಗ್ರೀಸು ಅವಳ ಕೆನ್ನೆಯ ಮೇಲೆ ಕಪ್ಪಗೆ ಉಳಿಯಿತು. ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಎಷ್ಟು ಒರೆಸಿದರೂ ಹೋಗಲಿಲ್ಲ.

ಅಲ್ಲಿಂದ ಮಗಳು ಬೇರೆಯಾದಳು. ಬೆಳಗ್ಗೆ ಬಾಚುವಾಗ ತೊಡೆ ತಟ್ಟಿ ಕರೆದರೆ, “ನಿಂತ್ಕೋತೀನಿ” ಎನ್ನುತ್ತಿದ್ದಳು. ನಿಂತೇ ಬಾಚಿಸಿಕೊಳ್ಳುವಳು. ಬ್ರೆಡ್ಡಿನ ಅಂಚು ತಿಂದು ನಡುವಿನದನ್ನು ತಟ್ಟೆಯಲ್ಲೇ ಬಿಡುವಳು. ಹಾಲು ಅರ್ಧ. ರಾತ್ರಿ ಊಟದಲ್ಲಿ “ಸಾಕು” ಎಂಬ ಮಾತು ನಾನು ಬಡಿಸುವ ಮೊದಲೇ ಬರುತ್ತಿತ್ತು. ಹೊಸ ಸೀಟು ತುಳಿಯಲು ಅಪ್ಪ ಕರೆದರೆ ಕಾಲುನೋವು. ಗುಂಡಮ್ಮ ಎಂದರೆ “ಓ” ಇಲ್ಲ. ಹತ್ತಿರ ಹೋಗಿ ಮುಟ್ಟಿದರೆ ಮಾತ್ರ ತಿರುಗುವಳು. ಎಷ್ಟೋ ಸಲ ನನ್ನ ಮುಂದೆ ನಿಂತು ಬಾಯಿ ತೆರೆಯುತ್ತಿದ್ದಳು. ಮಾತು ನಾಲಗೆಯ ತುದಿಗೆ ಬಂದದ್ದು ನನಗೆ ಕಾಣುತ್ತಿತ್ತು. ನುಂಗಿಬಿಡುತ್ತಿದ್ದಳು.

“ಏನು ಪುಟ್ಟಾ?”

“ಏನಿಲ್ಲ.”

ಮಕ್ಕಳು ಹೀಗೇ ಒಮ್ಮೊಮ್ಮೆ ಎಂದುಕೊಂಡೆ. ನನ್ನ ಕಾಲಿನ ಉರಿಯಲ್ಲಿ ನಾನಿದ್ದೆ. ಬಟ್ಟೆ ಒಣಹಾಕಲು ಬಗ್ಗಿದರೆ ಉರಿ, ಪಾತ್ರೆ ತೊಳೆಯಲು ನಿಂತರೆ ಜೋಮು, ಕೂತರಂತೂ ಕೆಂಡ.

ಕೊನೆಗೆ ಡಾಕ್ಟರೇ ಫಿಸಿಯೋ ಹತ್ತಿರ ಕಳಿಸಿದರು. ಶಾಲೆಗೆ ರಜೆ ಇದ್ದದ್ದರಿಂದ ಮಗಳೂ ಜೊತೆಗೆ ಬಂದಳು. ಬಿಳಿ ಗೋಡೆ, ಎತ್ತರದ ಹಾಸಿಗೆ, ಅದರ ಸುತ್ತ ಪರದೆ. ಹಾಸಿಗೆಯ ಹೊದಿಕೆಯ ಹೊಲಿಗೆ ಒಂದು ಮೂಲೆಯಲ್ಲಿ ಬಿಟ್ಟಿತ್ತು. ಕೆಲಸದ ಚಾಳಿ, ಮೊದಲು ಕಂಡದ್ದೇ ಅದು. ಫಿಸಿಯೋ ನನಗಿಂತ ಚಿಕ್ಕವರು, ಕನ್ನಡಕ, ತಣ್ಣನೆಯ ಮಾತು.

“ಎಲ್ಲಿ ನೋವು? ಸೊಂಟ ಅನ್ನಬೇಡಿ. ಒಂದೇ ಬೆರಳಲ್ಲಿ ತೋರಿಸಿ.”

ತೋರಿಸಿದೆ. ಅವರು ನಗಲಿಲ್ಲ, ಕಣ್ಣು ಅತ್ತಿತ್ತ ಹೋಗಲಿಲ್ಲ. ಕಾಲು ಎತ್ತಿಸಿದರು, ಮಡಿಸಿದರು, ಮೊಣಕಾಲನ್ನು ಆಚೆ ಭುಜದ ಕಡೆ ತಂದರು. ಪಾದದ ಮೇಲೆ ಹತ್ತಿಯಿಂದ ಗೀರಿ ಗೊತ್ತಾಗುತ್ತಾ ಎಂದು ಕೇಳಿದರು. ಉಚ್ಚೆ ಕಟ್ಟುವುದು, ಗೊತ್ತಿಲ್ಲದೆ ಹೋಗುವುದು, ಗುಪ್ತ ಜಾಗದಲ್ಲಿ ಮರಗಟ್ಟುವುದು ಏನಾದರೂ ಇದೆಯಾ ಎಂದರು. ಇಲ್ಲ ಎಂದೆ. “ಹಾಗೇನಾದರೂ ಆದರೆ ನನ್ನ ಹತ್ತಿರ ಬರಬೇಡಿ, ಆಗಲೇ ಆಸ್ಪತ್ರೆಗೆ ಓಡಿ,” ಎಂದರು. ಆಮೇಲೆ ನೋವಿನ ಜಾಗದಲ್ಲಿ ಬೆರಳಿನಿಂದ ಬಹಳ ಮೆಲ್ಲಗೆ ಒತ್ತಿದರು. ಅದೇ ತಂತಿ, ಅದೇ ದಾರಿ.

“ಬೆನ್ನಲ್ಲಿ ದೊಡ್ಡದೇನೂ ಇಲ್ಲ. ಬೆನ್ನಿನಿಂದ ಕಾಲಿಗೆ ಹೋಗೋ ಒಂದು ದಪ್ಪ ನರ ಇದೆ, ನಿಮ್ಮ ಬೆರಳಷ್ಟು ದಪ್ಪ. ಅದು ಅಂಡಿನ ಒಳಗೆ ಒಂದು ಸ್ನಾಯುವಿನ ಅಡಿಯಿಂದ ನುಸುಳಿ ಹೋಗುತ್ತೆ. ಅಲ್ಲಿ ಅದಕ್ಕೆ ಜಾಗ ಸಾಲ್ತಿಲ್ಲ. ಗಂಟೆಗಟ್ಟಲೆ ಕೂತ್ಕೋತೀರಿ, ಸ್ನಾಯು ಬಿಗಿದುಕೊಂಡಿದೆ, ನರ ರೇಗಿದೆ. ಎಂಥ ಸೀಟಲ್ಲಿ ಕೂರ್ತೀರಿ?”

ಕೆಂಪು ಮೆತ್ತೆಯನ್ನು ವರ್ಣಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಅದನ್ನ ಯಾರು ಮಾಡಿಕೊಟ್ಟಿದ್ದು?”

“ಯಜಮಾನರು. ಸೀಟು ಮಾಡೋದೇ ಅವರ ಕೆಲಸ.”

“ಪ್ರೀತಿಯಿಂದ ಮಾಡಿದ್ದಾರೆ, ತೆಗೆದಿಡಿ. ಗಟ್ಟಿ ಹಲಗೆ, ಮೇಲೆ ತೆಳ್ಳಗೆ ಏನಾದರೂ, ಮೊಣಕಾಲಿಗಿಂತ ಸೊಂಟ ಸ್ವಲ್ಪ ಮೇಲಿರಲಿ. ಆಗಾಗ ಎದ್ದು ಒಂದು ಸುತ್ತು ಬನ್ನಿ, ಹೊಲಿಗೆ ಎಲ್ಲೂ ಓಡಿಹೋಗಲ್ಲ. ಮಗ್ಗುಲಾಗಿ ಮಲಗುವಾಗ ಮೊಣಕಾಲ ನಡುವೆ ದಿಂಬು. ಕಾಲಿನ ಮೇಲೆ ಕಾಲು ಹಾಕಬೇಡಿ. ಉಜ್ಜೋದು ಗಿಜ್ಜೋದು ಏನಾದರೂ ಮಾಡಿದಿರಾ?”

“ಎಣ್ಣೆ ಹಾಕಿ ನಾದಿದರು. ಆಮೇಲೆ...” ನಾನು ನಿಲ್ಲಿಸಿದೆ. ಮಗಳು ಪರದೆಯ ಅಂಚು ಹಿಡಿದು ನಿಂತಿದ್ದಳು. “ಆಮೇಲೆ ತುಳಿಸಿದರು.”

“ತುಳಿಸಿದರಾ? ಇಲ್ಲೇನಾ?” ಅವರ ತಣ್ಣನೆಯ ದನಿ ಮೊದಲ ಸಲ ಬಿಸಿಯಾಯಿತು. “ರೇಗಿರೋ ನರದ ಮೇಲೆ ನಿಂತ್ರೆ ಇನ್ನೇನಾಗುತ್ತೆ? ಅದಕ್ಕೇ ಇಷ್ಟು ಜಾಸ್ತಿ ಆಗಿರೋದು. ಅದೇನು ಸೀಟಾ ತುಳಿಯೋಕೆ?”

ಪರದೆಯ ಬಳೆಗಳು ಸಣ್ಣಗೆ ಸದ್ದು ಮಾಡಿದವು. ತಿರುಗಿ ನೋಡಿದರೆ ಮಗಳು ಪರದೆಯ ಆಚೆ ಹೋಗಿದ್ದಳು, ಕೆಳಗೆ ಎರಡು ಚಪ್ಪಲಿ ಮಾತ್ರ ಕಾಣುತ್ತಿದ್ದವು, ಒಂದರ ಮೇಲೊಂದು ಒತ್ತಿಕೊಂಡು.

ಮನೆಗೆ ಬರುವಾಗ ಅವಳು ನನ್ನ ಕೈ ಹಿಡಿಯಲಿಲ್ಲ, ಹಿಂದೆ ಹಿಂದೆ ಬಂದಳು. ನಾನು ಕುಂಟುವುದನ್ನೇ ನೋಡುತ್ತಾ ಬರುತ್ತಿದ್ದಳೆಂದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ನಿಂತು ಹೇಳಿದೆ: “ತುಳಿಸಿದ್ದು ದೊಡ್ಡೋರ ತಪ್ಪು ಪುಟ್ಟಾ. ನಮಗೆ ಗೊತ್ತಾಗಲಿಲ್ಲ.”

“ಹೂಂ,” ಎಂದಳು, ದೊಡ್ಡವರ ಸಮಾಧಾನದ ಮಾತಿಗೆ ಮಕ್ಕಳು ಹೇಳುವ ಹೂಂ. ಇನ್ನಷ್ಟು ಕೆದಕಲು ಹೊರಟವಳು ಸುಮ್ಮನಾದೆ. ಒತ್ತಿದರೆ ಇನ್ನಷ್ಟು ರೇಗುವಂಥದ್ದು ಅವಳೊಳಗೂ ಇತ್ತು. ಬರುವಾಗ ಬರಲಿ, ಬಂದಾಗ ನಾನು ಹತ್ತಿರದಲ್ಲಿರಬೇಕು, ಅಷ್ಟೇ ಎಂದುಕೊಂಡೆ.

ಇವರು ಕೆಂಪು ಮೆತ್ತೆಯ ಸುದ್ದಿ ಕೇಳಿ ಊಟ ಬಿಟ್ಟು ಎದ್ದರು. “ಹಲಗೆಯಂತೆ ಹಲಗೆ! ಹಾಗಾದ್ರೆ ನಾವ್ಯಾಕೆ ಅಂಗಡಿ ಇಟ್ಕೊಂಡಿದ್ದೀವಿ? ಎಲ್ಲರೂ ಕಲ್ಲಿನ ಮೇಲೆ ಕೂರಲಿ.” ಮರುದಿನ ಮಾತಿಲ್ಲದೆ ಹಲಗೆ ಕೊಯ್ದು, ಎತ್ತರ ಅಳೆದು, ಅಂಚನ್ನು ಉಜ್ಜಿ ನುಣುಪು ಮಾಡಿ ಬೆಂಚು ತಂದಿಟ್ಟರು. ಮೇಲೆ ಒಂದೇ ತೆಳು ಪದರ. ಕೆಂಪು ಮೆತ್ತೆಯನ್ನು ಬಿಚ್ಚುವಾಗ ಅದರೊಳಗಿಂದ ನನ್ನ ಬೆವರಿನ ವಾಸನೆ, ಅತ್ತಿಗೆಯ ಎಣ್ಣೆಯ ವಾಸನೆ ಒಟ್ಟಿಗೆ ಬಂದವು. ಇಬ್ಬರೂ ಮೂಗು ಮುಚ್ಚಿಕೊಂಡೆವು. ಆಗ ಅವರಿಗೂ ನಗು ಬಂತು.

ನರ ಮೊಂಡು ಜಾತಿ. ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಹಳೆಯ ಸೇಡು ತೀರಿಸುತ್ತದೆ. ಫಿಸಿಯೋ ಹೇಳಿಕೊಟ್ಟ ಹಾಗೆ ಅಂಗಾತ ಮಲಗಿ, ತೊಡೆಯನ್ನು ಕೈಯಲ್ಲಿ ಹಿಡಿದು, ಮೊಣಕಾಲನ್ನು ಮೆಲ್ಲಗೆ ಚಾಚಿ ಮಡಿಸುವುದು. ನೋಯುವ ತನಕ ಹೋಗಬಾರದು, ನೋವಿನ ಬಾಗಿಲು ಕಂಡಲ್ಲಿಂದ ವಾಪಸು ಬರಬೇಕು. ಆಮೇಲೆ ಸೊಂಟ ಎತ್ತಿ ಇಳಿಸುವುದು, ಮಗ್ಗುಲಾಗಿ ಮೊಣಕಾಲು ತೆರೆಯುವುದು. ಅನ್ನಕ್ಕೆ ಇಟ್ಟು ಒಂದು, ಬಟ್ಟೆ ನೆನೆಹಾಕಿ ಒಂದು ಎಂದು ಮಾಡಿದೆ. ಬೀದಿಯ ತುದಿಗೆ ಹೋಗಿ ಬಂದೆ. ಆಮೇಲೆ ಬೀದಿ ದಾಟಿದೆ. ಒಂದು ಬೆಳಗ್ಗೆ ಕಿರುಬೆರಳು ನೆಲದ ತಂಪನ್ನು ಮುಟ್ಟಿದ್ದು ಗೊತ್ತಾಯಿತು. ಅಡುಗೆಮನೆಯಲ್ಲಿ ನಿಂತು ಸುಮ್ಮನೆ ಆ ಬೆರಳನ್ನು ಆಡಿಸುತ್ತಿದ್ದೆ.

ನಾನು ಚೇತರಿಸಿಕೊಳ್ಳುತ್ತಿದ್ದೆ, ಮಗಳು ಸೊರಗುತ್ತಿದ್ದಳು. ಲಂಗದ ಪಟ್ಟಿ ಜಾರತೊಡಗಿತು, ಪಿನ್ನು ಹಾಕಿದೆ. ಯಾಕೆಂದು ತಿಳಿದದ್ದು ಆಕಸ್ಮಿಕವಾಗಿ. ಅಂಗಡಿಯ ಬಾಗಿಲ ಬಳಿ ತೂಕದ ಯಂತ್ರವಿದೆ. ಉಳಿದ ಫೋಮಿನ ಚೂರನ್ನು ತೂಕಕ್ಕೆ ಹಾಕಿ ಕೊಡುತ್ತೇವೆ. ಫಿಸಿಯೋ ಹೇಳಿದ ಹಾಗೆ ಎದ್ದು ಒಂದು ಸುತ್ತು ಹೋಗುತ್ತಿದ್ದಾಗ, ತೂಗಾಡುವ ರೆಕ್ಸಿನ್ ಹಾಳೆಗಳ ಸಂದಿನಿಂದ ಕಂಡಳು. ಚಪ್ಪಲಿ ಬಿಟ್ಟಳು. ಕೂದಲಿನ ಕ್ಲಿಪ್ಪು ತೆಗೆದು ಪಕ್ಕಕ್ಕಿಟ್ಟಳು. ಹತ್ತಿದಳು. ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು ನಿಂತಳು. ನೋಡಿದಳು. ತೃಪ್ತಿಯಾಗದ ಮುಖದಲ್ಲಿ ಇಳಿದು, ಜೇಬಿನಲ್ಲಿದ್ದ ಬಿಸ್ಕತ್ತನ್ನು ಫೋಮಿನ ಚೂರಿನ ಚೀಲದಲ್ಲಿ ಹೂತಳು.

ಅವಳು ಹೋದ ಮೇಲೆ ಚೀಲದಲ್ಲಿ ಕೈಯಾಡಿಸಿದೆ. ಬಿಸ್ಕತ್ತು, ಬ್ರೆಡ್ಡಿನ ನಡುಭಾಗ, ಕಚ್ಚಿದ ಬಾಳೆಹಣ್ಣು, ಬೂಷ್ಟು ಹಿಡಿದು ಹಸಿರಾದದ್ದು, ಇರುವೆ ಮುತ್ತಿದ್ದು. ಕೈ ಅಂಟಂಟಾಯಿತು. ಜೀವಮಾನದಲ್ಲಿ ಎಷ್ಟು ಹೊಲಸು ಸೀಟಿನೊಳಗೆ ಕೈ ಹಾಕಿದ್ದೇನೆ, ಯಾವುದಕ್ಕೂ ಹೀಗಾಗಿರಲಿಲ್ಲ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಹಳಸಿದ್ದಕ್ಕಲ್ಲ ಅದು. ನಮ್ಮ ನಗುವಿಗೆ.

ಮರುದಿನವೇ ಅತ್ತಿಗೆ ಎಣ್ಣೆ ಜಿನುಗುವ ಹೊಸ ಬಾಟಲಿ ಹಿಡಿದು ಬಂದರು. ಮಗಳು ಮೂಲೆಯಲ್ಲಿ ಬರೆಯುತ್ತಿದ್ದಳು. ಅವಳನ್ನು ಮೇಲಿನಿಂದ ಕೆಳಗೆ ನೋಡಿ, “ಪರವಾಗಿಲ್ವೇ, ಇಳಿದಿದ್ದಾಳೆ! ಈಗ ತುಳಿಯೋಕೆ ಸರಿಯಾದ ತೂಕ. ಬಾರೇ ಗುಂಡಮ್ಮ, ಈ ಸಲ ಮುರೀಬೇಡ,” ಎಂದರು.

ಎಂದೂ ಎದುರು ಮಾತಾಡಿದವಳಲ್ಲ ನಾನು. ಬಾಟಲಿಯನ್ನು ಅವರ ಕೈಯಿಂದ ತೆಗೆದುಕೊಂಡೆ. ಮುಚ್ಚಳ ಬಿಗಿ ಮಾಡಿ, ಅವರ ಚೀಲದಲ್ಲೇ ಇಟ್ಟೆ.

“ಅತ್ತಿಗೆ, ಈ ನಾತ ನನ್ನ ಮನೇಲಿ ಸಾಕು. ಆ ಮಾತೂ ಸಾಕು.”

“ಯಾವ ಮಾತೇ? ತಮಾಷೆಗೆ ಅಂದೆ.”

“ಅದೇ ತಮಾಷೆ ತಿಂದು ಮಗು ಊಟ ಬಿಟ್ಟಿದೆ. ನೀವು ನಕ್ಕಿದ್ದು, ಇವರು ನಕ್ಕಿದ್ದು, ಬೀದಿಯೆಲ್ಲ ನಕ್ಕಿದ್ದು, ನೆನೆಸಿಕೊಂಡ್ರೆ ನನಗೆ ಹೇಸಿಗೆ ಆಗುತ್ತೆ. ಎಣ್ಣೆ ಬೇಕಾದ್ರೆ ಕುಡಿದೇನು, ಆ ನಗು ಆಗಲ್ಲ.”

ಅತ್ತಿಗೆ ಇವರ ಕಡೆ ನೋಡಿದರು. ಇವರು ಕತ್ತರಿ ಕೆಳಗಿಟ್ಟು ಮಗಳ ಲಂಗದ ಪಿನ್ನನ್ನೇ ನೋಡುತ್ತಿದ್ದರು, ಈಗಷ್ಟೇ ಕಂಡವರ ಹಾಗೆ. “ಅವಳು ಹೇಳೋದು ಸರಿ ಅಕ್ಕ,” ಎಂದರು. “ತುಳಿ ಅಂದೋನು ನಾನು. ನಾನೇ ನಕ್ಕೆ ನೋಡು, ಥೂ.” ಅತ್ತಿಗೆ ಸ್ವಲ್ಪ ಹೊತ್ತು ಚೀಲದ ಹಿಡಿಯನ್ನು ತಿರುಚುತ್ತಾ ನಿಂತರು. “ನಂಗೇನು ಗೊತ್ತು, ಮಗು ಮನಸ್ಸಿಗೆ ಹಚ್ಕೊಳ್ಳುತ್ತೆ ಅಂತ,” ಎಂದು ಗೊಣಗಿ, ಮಗಳ ತಲೆ ಸವರಲು ಕೈ ಚಾಚಿ, ಎಣ್ಣೆಗೈ ನೆನಪಾಗಿ ಹಿಂದೆ ತೆಗೆದುಕೊಂಡು ಹೋದರು.

ಮಗಳು ತಲೆ ಎತ್ತಲಿಲ್ಲ. ಪೆನ್ಸಿಲ್ಲು ಮಾತ್ರ ನಿಂತಿತ್ತು.

ಇವತ್ತು ಬೆಳಗ್ಗೆ ಬಾಚಣಿಗೆ ಹಿಡಿದು ಹುಡುಕಿದರೆ ಅವಳು ಮನೆಯಲ್ಲಿರಲಿಲ್ಲ. ಅಂಗಡಿಯಲ್ಲಿ, ಅರ್ಧ ತೆರೆದ ಬಾಗಿಲ ಬೆಳಕಿನಲ್ಲಿ, ತೂಕದ ಯಂತ್ರದ ಮೇಲೆ ನಿಂತಿದ್ದಳು. ನನ್ನನ್ನು ಕಂಡು ಇಳಿಯಲು ಹೊರಟವಳು, ಸಿಕ್ಕಿಬಿದ್ದ ಮೇಲೆ ಇನ್ನೇನು ಎಂಬಂತೆ ಅಲ್ಲೇ ನಿಂತಳು.

ಹಲಗೆಯ ಬೆಂಚನ್ನು ಅವಳ ಹಿಂದೆ ಎಳೆದುಕೊಂಡು ಕೂತೆ. ನೇರವಾಗಿ, ಎರಡೂ ಕಡೆ ಭಾರ ಹಾಕಿ. ಎಷ್ಟೋ ದಿನದ ಮೇಲೆ ಹಾಗೆ ಕೂತಿದ್ದೆ. ಎಡಗಡೆ ಸಣ್ಣಗೆ ಮಿಡಿಯಿತು, ಅಷ್ಟೇ. ಅವಳು ಯಂತ್ರದ ಮೇಲೆಯೇ ನಿಂತಿರಲಿ ಎಂದು ಬಿಟ್ಟು, ಬೈತಲೆ ತೆಗೆದು ಒಂದು ಕಡೆಯ ಜಡೆ ಹೆಣೆದೆ. ಬಾಚಣಿಗೆ ಎಳೆದಾಗಲೆಲ್ಲ ಯಂತ್ರದ ಮುಳ್ಳು ನಡುಗುತ್ತಿತ್ತು. ಅವಳ ಕತ್ತಿನ ಹಿಂದಿನ ಮೂಳೆ ಎದ್ದು ಕಾಣುತ್ತಿತ್ತು. ಅಲ್ಲಿ ಮುಂಚೆ ಒಂದು ಮಡಿಕೆ ಇತ್ತು, ಮಗುವಾಗಿದ್ದಾಗ ಅದರಲ್ಲಿ ಹಾಲು ಸೇರಿ ಹುಳಿವಾಸನೆ ಬರುತ್ತಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ.

ಇನ್ನೊಂದು ಕಡೆಯ ಕೂದಲನ್ನು ಮೂರು ಎಳೆ ಮಾಡಿದೆ.

“ಈಗ ನೋಯ್ತಿದೆಯಾ?” ಎಂದಳು, ತಿರುಗದೆ.

“ಸ್ವಲ್ಪ. ಮುಂಚಿನಷ್ಟಿಲ್ಲ.”

“ಕೂತ್ರೂ?”

“ಕೂತ್ರೂ. ನೋಡು, ಸರಿಯಾಗೇ ಕೂತಿದ್ದೀನಿ.” ತೊಡೆ ತಟ್ಟಿದೆ. “ಇಲ್ಲಿ ಜಾಗ ಖಾಲಿ ಇದೆ.”

ಅವಳು ತಿರುಗಿದಳು. ಹೆಣೆಯದ ಎಳೆಗಳು ನನ್ನ ಬೆರಳಿನಿಂದ ಜಾರಿದವು. ನನ್ನ ತೊಡೆಯನ್ನು ನೋಡಿದಳು, ತನ್ನ ಪಾದಗಳನ್ನು ನೋಡಿದಳು, ಯಂತ್ರದ ಮುಳ್ಳನ್ನು ನೋಡಿದಳು. ಬಾಯಿ ತೆರೆದಳು. ಈ ಸಲವೂ ನುಂಗುತ್ತಾಳೆ ಎಂದುಕೊಂಡೆ. ಹೊರಗೆ ವ್ಯಾನು ಹಾರನ್ ಹೊಡೆಯಿತು. ನಾವಿಬ್ಬರೂ ಅಲುಗಲಿಲ್ಲ.

“ಅಮ್ಮ,” ಎಂದಳು, “ನಾನು ಭಾರ ಇದ್ದಿದ್ದಕ್ಕೇನಾ ನಿನ್ನ ಸೊಂಟ ಮುರಿದಿದ್ದು?”